ಘಮ ಬೇಕಾ, ಲೋಳೆ ಬೇಕಾ?

ಹೂವು ಸಿಕ್ಕಿತು ಅಂತ ಎಲ್ಲವನ್ನೂ ಎಣ್ಣೆಗೆ ಹಾಕಿ ಕುದಿಸಬೇಡಿ. ಮಲ್ಲಿಗೆಯನ್ನು ಹಾಗೆ ಕುದಿಸಿದರೆ ಘಮ ಅಡುಗೆಮನೆ ತುಂಬುತ್ತದೆ, ಎಣ್ಣೆಯಲ್ಲಿ ಉಳಿಯುವುದಿಲ್ಲ. ಹಿಂದಿನವರು ಸಂಜೆ ಅರಳುವ ಮೊಗ್ಗನ್ನು ಎಳ್ಳಿನ ಜೊತೆ ಪದರ ಪದರವಾಗಿ ಮುಚ್ಚಿಟ್ಟು, ದಿನಾ ಹೂವು ಬದಲಾಯಿಸಿ, ಆಮೇಲೆ ಆ ಎಳ್ಳಿನಿಂದ ಎಣ್ಣೆ ತೆಗೆಯುತ್ತಿದ್ದರು. ಅಷ್ಟು ತಾಳ್ಮೆ ಇಲ್ಲದಿದ್ದರೆ ಸುಮ್ನೆ ಮುಡಿದುಬಿಡಿ.

ತಲೆಸ್ನಾನಕ್ಕೆ ದಾಸವಾಳವೇ ಸರಿ. ಅದಕ್ಕೆ ಘಮ ಇಲ್ಲ, ಲೋಳೆ ಇದೆ. ಹಿತ್ತಿಲಿನ ಐದೆಸಳಿನ ಕೆಂಪು ದಾಸವಾಳದ ನಾಲ್ಕು ಹೂವು, ಎರಡು ಮುಷ್ಟಿ ಎಲೆ ಸಾಕು. ಹೂವಿನ ನಡುವಿನ ಕಡ್ಡಿ ಕಿತ್ತುಬಿಡಿ, ಅದರ ಹಳದಿ ಪುಡಿ ಕೂದಲಿಗೆ ಅಂಟುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಿ ಕೈಯಲ್ಲೇ ಚೆನ್ನಾಗಿ ಕಿವುಚಿ. ಮಿಕ್ಸಿಗೆ ಹಾಕಿದರೆ ಬೇಗ ಆಗುತ್ತದೆ, ಆದರೆ ಚೂರುಗಳು ಕೂದಲಲ್ಲಿ ಸಿಕ್ಕಿಕೊಂಡು ಸಂಜೆಯವರೆಗೂ ಉದುರುತ್ತವೆ. ತೆಳು ಪಂಚೆ ಬಟ್ಟೆಯಲ್ಲಿ ಹಿಂಡಿ. ಬೆರಳು ಅದ್ದಿ ಎತ್ತಿದಾಗ ನೂಲಿನಂತೆ ಇಳಿದರೆ ಗಂಪು, ಅಂದರೆ ಈ ಲೋಳೆ, ಹದಕ್ಕೆ ಬಂತು ಅಂತ. ಎಣ್ಣೆ ಹಚ್ಚಿದ ತಲೆಗೆ ಇದೊಂದೇ ಸಾಲದು. ಮೊದಲು ಅಂಟವಾಳದ ನೊರೆ, ಆಮೇಲೆ ಗಂಪು. ಅಂಟವಾಳ ಕಣ್ಣಿಗೆ ಹೋದರೆ ಕೆಟ್ಟ ಉರಿ, ಮಕ್ಕಳಿಗೆ ಮೀಯಿಸುವಾಗ ಜೋಪಾನ. ಗಂಪು ಉಳಿದರೆ ಗಿಡದ ಬುಡಕ್ಕೆ ಚೆಲ್ಲಿ. ಮರುದಿನಕ್ಕೆ ಅದು ಹುಳಿ ವಾಸನೆ ಬರುತ್ತದೆ.

ಈಗ ಮನೆಯಲ್ಲೇ ಸೋಪು ಮಾಡುವ ಹುಡುಗಿಯರು ಜಾಸ್ತಿ. ದಾಸವಾಳ ಹಾಕಿದರೆ ಸೋಪು ಕೆಂಪಗಾಗುತ್ತದೆ ಅಂದುಕೊಳ್ಳಬೇಡಿ. ಸೋಪಿನ ಕ್ಷಾರ ತಾಗಿದರೆ ಆ ಕೆಂಪು ನಿಲ್ಲುವುದಿಲ್ಲ, ಮಂಕಾಗುತ್ತದೆ. ಬೇಕಾದರೆ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ, ಒಂದು ಕಡೆ ಸೋಪಿನ ನೀರು, ಇನ್ನೊಂದು ಕಡೆ ನಿಂಬೆರಸ ಬಿಟ್ಟು ನೋಡಿ. ಅಂಗಡಿಯ ದಾಸವಾಳದ ಸೋಪು ಕೆಂಪಗೆ ಹೊಳೆಯುತ್ತಿದ್ದರೆ ಆ ಬಣ್ಣ ಹೂವಿನದ್ದಲ್ಲ ಬಿಡಿ.

ಘಮಕ್ಕೆ ನಮ್ಮಲ್ಲಿ ಸುರಗಿ, ರೆಂಜೆ (ಬಕುಳ) ಹೂವುಗಳು ಇವೆಯಲ್ವಾ? ಎರಡೂ ಒಣಗಿದರೂ ಪರಿಮಳ ಬಿಡುವುದಿಲ್ಲ. ಬಿಸಿಲು ಬೇಡ, ನೆರಳಲ್ಲಿ ಒಣಗಿಸಿ. ಹೆಸರುಕಾಳಿನ ಜೊತೆ ಪುಡಿ ಮಾಡಿ ಜರಡಿ ಹಿಡಿದರೆ ಮೈಗೆ ಹಚ್ಚುವ ಪುಡಿ ಸಿದ್ಧ. ಮಳೆಗಾಲಕ್ಕೆ ಮುಂಚೆಯೇ ಗಾಜಿನ ಬಾಟ್ಲಿಗೆ ತುಂಬಿ. ಜೂನ್ ಬಂತು ಅಂದರೆ ಕಾರವಾರದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಹೂವಿನ ಪುಡಿಗೆ ಬೂಸ್ಟು ಹಿಡಿಯುವುದು ಎಷ್ಟು ಹೊತ್ತು? ಒದ್ದೆ ಚಮಚ ಹಾಕಲೇಬೇಡಿ. ತೆಂಗಿನೆಣ್ಣೆಗೆ ಹೂವು ಹಾಕುವುದಿದ್ದರೂ ಅಷ್ಟೇ, ಪೂರ್ತಿ ಒಣಗಿರಬೇಕು.

ಕಣಗಿಲೆ ಮಾತ್ರ ಬಚ್ಚಲಿಗೆ ತರಬೇಡಿ, ಇಡೀ ಗಿಡವೇ ವಿಷ. ದೇವಕಣಗಿಲೆಯ ಬಿಳಿ ಹಾಲು ತಾಗಿದರೆ ಕೆಲವರಿಗೆ ತುರಿಕೆ ಏಳುತ್ತದೆ. ಪೇಟೆಯ ಹಾರದ ಹೂವೂ ಬೇಡ, ಔಷಧಿ ಹೊಡೆದಿರುತ್ತಾರೆ. ಯಾವುದೇ ಹೊಸ ಪುಡಿಯಾದರೂ ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ, ಒಂದು ದಿನ ಕಾದು ನೋಡಿ, ಆಮೇಲೆ ಮೈಗೆ.