ತಾಮ್ರದ ತೊಳೆನೀರಿಗೆ ಅಡಿಕೆ ಸಿಪ್ಪೆಯ ಇದ್ದಿಲು

ಪ್ಲೇಟಿಂಗ್ ಮಾಡಿದ, ಅಂದರೆ ಲೋಹದ ಲೇಪ ಹಾಕಿದ ಸಾಮಾನು ತೊಳೆದ ನೀರಿನಿಂದ ತಾಮ್ರ ತೆಗೆಯಲು ತೆಂಗಿನ ಗೆರಟೆಯ ಆಕ್ಟಿವೇಟೆಡ್ ಕಾರ್ಬನ್ನೇ ಬೇಕು, ಅಡಿಕೆ ಸಿಪ್ಪೆ ಬಚ್ಚಲೊಲೆಗೆ ಸರಿ ಎಂದು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ನಕ್ಕವರೇ ಈಗ ಪುತ್ತೂರಿನಲ್ಲಿ ಸಿಪ್ಪೆ ಯಾರ ಹತ್ತಿರ ಸಿಗುತ್ತದೆ ಎಂದು ಕೇಳುತ್ತಿದ್ದಾರೆ. ಗೆರಟೆ ಕಾರ್ಬನ್ನಿಗೆ ಕಿಲೋಗೆ ನೂರರ ಮೇಲೆ ಕೊಡಬೇಕು. ಬಣ್ಣ, ವಾಸನೆ, ಕ್ಲೋರಿನ್‌ಗೆ ಅದು ಒಳ್ಳೆಯದೇ. ತಾಮ್ರ, ಸೀಸಕ್ಕೆ ಮಾತ್ರ ಬೇಗ ಕೈಕೊಡುತ್ತದೆ. ಸಿಪ್ಪೆಗೆ ಬೀಳುವುದು ಟೆಂಪೋ ಬಾಡಿಗೆ ಅಷ್ಟೆ.

200 ಲೀಟರ್ ಡ್ರಮ್ಮಿಗೆ ಒಣಸಿಪ್ಪೆ ಒತ್ತಿ ತುಂಬಿದರೆ ಹದಿನೆಂಟು-ಇಪ್ಪತ್ತು ಕಿಲೋ ಹಿಡಿಯುತ್ತದೆ, ಇದ್ದಿಲು ಐದಾರು ಕಿಲೋ. ಮುಚ್ಚಿದ ಡ್ರಮ್ಮನ್ನು ಒಲೆಯ ಮೇಲೆ ಕಾಯಿಸಲು 400–450 ಡಿಗ್ರಿ ಸಾಕು. 600 ದಾಟಿಸಿದರೆ ಇದ್ದಿಲು ನೋಡಲು ಚಂದ, ಆದರೆ ಅದರ ಮೈಮೇಲೆ ಲೋಹ ಹಿಡಿಯುವ ಆಮ್ಲಜನಕದ ಗುಂಪುಗಳು ಹೋಗಿರುತ್ತವೆ. 350ರ ಕೆಳಗೆ ಡಾಂಬರು ಉಳಿದು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಡ್ರಮ್ಮಿನ ಹೊಗೆಯನ್ನು ಪೈಪಿನಲ್ಲಿ ಒಲೆಗೇ ತಿರುಗಿಸಿ, ಸೌದೆ ಖರ್ಚು ಅರ್ಧಕ್ಕಿಳಿಯುತ್ತದೆ. ಪೂರ್ತಿ ತಣಿಯದೆ ಮುಚ್ಚಳ ತೆಗೆದರೆ ಇದ್ದಿಲಿಗೇ ಬೆಂಕಿ. ಸುಡುವ ಮೊದಲು ಸಿಪ್ಪೆಯನ್ನು ಒಂದು ದ್ರಾವಣದಲ್ಲಿ ನೆನೆಸುತ್ತೇನೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಹೆಚ್ಚಿನವರು ಸೋಲುವುದು ತೊಳೆಯುವಲ್ಲಿ. ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಸಿಯಂ ಜಾಸ್ತಿ. ತೊಳೆಯದ ಇದ್ದಿಲಿನಿಂದ ಹೊರಬರುವ ನೀರಿನ ಪಿಎಚ್ (ಏಳರ ಕೆಳಗೆ ಆಮ್ಲ, ಮೇಲೆ ಕ್ಷಾರ) ಹತ್ತರ ಹತ್ತಿರ ಇರುತ್ತದೆ. ಆಗ ತಾಮ್ರ ಹೈಡ್ರಾಕ್ಸೈಡ್ ಆಗಿ ಒಳಗೇ ಗಷ್ಟು ಕೂರುತ್ತದೆ, ಲ್ಯಾಬ್ ವರದಿ ಅದ್ಭುತ. ಬೂದಿ ಮುಗಿದ ದಿನ ಎಲ್ಲ ಒಮ್ಮೆಲೇ ಹೊರಗೆ. ಮೊದಲ ಬಕೆಟ್ಟಿನ ಪರೀಕ್ಷೆಗೆ ಹಣ ಸುರಿಯಬೇಡಿ. ಪಿಎಚ್ ಎಂಟಕ್ಕೆ ಬರುವವರೆಗೆ ತೊಳೆದು, ಒಳಗೆ ಬಿಡುವ ನೀರನ್ನು ಐದರ ಆಸುಪಾಸಿಗೆ ತನ್ನಿ. ಮೂರಕ್ಕಿಂತ ಕೆಳಗಿದ್ದರೆ ತಾಮ್ರ ಕೂರಬೇಕಾದ ಜಾಗವನ್ನೆಲ್ಲ ಆಮ್ಲವೇ ಹಿಡಿಯುತ್ತದೆ.

ಎಂಟಿಂಚಿನ ಪಿವಿಸಿ ಪೈಪು ಎರಡು, ಒಂದರ ಹಿಂದೆ ಒಂದು, ತಲಾ ಒಂದು ಮೀಟರ್ ಇದ್ದಿಲು. ಅರ್ಧದಿಂದ ಎರಡು ಮಿಲಿಮೀಟರ್ ಕಾಳು ಮಾತ್ರ. ಪುಡಿ ಸೇರಿದರೆ ಪಂಪು ಏದುಸಿರು ಬಿಡುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ, ನಿಮಿಷಕ್ಕೆ ಎರಡು ಲೀಟರ್. ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ತಾಮ್ರವಿದ್ದ ನೀರು ಒಂದಕ್ಕಿಂತ ಕೆಳಗಿಳಿದು ಬರುತ್ತದೆ, ಹೊರಬಿಡುವ ಮಿತಿ 3. ಮೊದಲ ಪೈಪು ಸುಮಾರು ಮೂರು ಸಾವಿರ ಲೀಟರ್ ತಾಳುತ್ತದೆ. ಅದು ಸೋತಾಗ ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹಾಕಿ. ನಿಕ್ಕಲ್ ಇದ್ದರೆ ಅದೇ ಮೊದಲು ನುಸುಳುವುದು, ತಾಮ್ರ ಅದನ್ನು ಜಾಗದಿಂದ ಎಬ್ಬಿಸುತ್ತದೆ. ಕ್ರೋಮಿಯಂ-ಆರು (ಹೆಕ್ಸಾವೇಲೆಂಟ್ ಕ್ರೋಮಿಯಂ) ನೀರಿನಲ್ಲಿ ಋಣ ಅಯಾನಾಗಿರುತ್ತದೆ, ಇದೇ ಪಿಎಚ್‌ಗೆ ಬಗ್ಗುವುದಿಲ್ಲ. ಸಯನೈಡ್ ಇರುವ ಪ್ಲೇಟಿಂಗ್ ತೊಟ್ಟಿಯ ನೀರು ಈ ಸಾಲಿಗೆ ಬರಲೇಬಾರದು: ಆಮ್ಲ ತಾಗಿದರೆ ಜೀವ ತೆಗೆಯುವ ಗ್ಯಾಸು.

ಗೇರುಬೀಜದ ಸಿಪ್ಪೆಯನ್ನೂ ಸುಟ್ಟು ನೋಡಿದ್ದಾಯಿತು. ಎಣ್ಣೆ ಹೊಗೆಯಾಗಿ ಪೈಪು ಕಟ್ಟಿಕೊಂಡಿತು, ಇದ್ದಿಲೂ ಜಿಡ್ಡು. ಬೇಡ ಮಾರಾಯ್ರೆ.

ಸೋತ ಇದ್ದಿಲಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನ ಹರಿಸಿದರೆ ತಾಮ್ರದ ಹೆಚ್ಚಿನ ಪಾಲು ಬಿಟ್ಟುಕೊಡುತ್ತದೆ. ಮೂರು ನಾಲ್ಕು ಸಲ ತಾಳಿಕೊಳ್ಳುತ್ತದೆ. ಆ ಆಮ್ಲಕ್ಕೆ ಗುಜರಿಯ ಕಬ್ಬಿಣದ ಚೂರು ಹಾಕಿದರೆ ಕೆಂಪು ತಾಮ್ರದ ಪುಡಿ ಇಳಿಯುತ್ತದೆ, ಗುಜರಿಯವರು ಅದಕ್ಕೂ ಬೆಲೆ ಕಟ್ಟುತ್ತಾರೆ. ಉಳಿದ ನೀರಿಗೆ ಸುಣ್ಣ. ಕೊನೆಗೆ ಬಿಸಾಡುವ ಇದ್ದಿಲು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಹೋಗಬೇಕು, ತೋಟದ ಬುಡಕ್ಕಲ್ಲ. ಸಿಪ್ಪೆ ಮಾತ್ರ ಮಳೆ ಹಿಡಿಯುವ ಮೊದಲೇ ಕೂಡಿಡಿ. ಜೂನ್ ನಂತರದ್ದು ಒಣಗುವುದಿಲ್ಲ, ಡ್ರಮ್ಮಿನಲ್ಲಿ ಅರ್ಧ ಬೆಂದು ಉಳಿಯುತ್ತದೆ.