ಲೇಖನ ತಿದ್ದಿದರೂ ಸೈಟ್‌ನಲ್ಲಿ ಹಳೆಯದೇ? ಕ್ವೆರಿ ಕ್ಯಾಶ್ ಬದಲಿಸುವ ಬಗೆ

ಡೇಟಾಬೇಸ್‌ನಲ್ಲಿ ಹೊಸ ಶೀರ್ಷಿಕೆ ಕೂತಿದೆ, ಸೈಟ್‌ನಲ್ಲಿ ಹಳೆಯದೇ ಕಾಣುತ್ತಿದೆ. ಬ್ರೌಸರ್, ಸಿಡಿಎನ್ (ಪುಟಗಳ ನಕಲನ್ನು ಓದುಗರ ಹತ್ತಿರದಿಂದ ಕೊಡುವ ಸರ್ವರ್ ಜಾಲ) ಕ್ಯಾಶ್‌ಗಳ, ಅಂದರೆ ಬೇಗ ಕೊಡಲೆಂದು ಎತ್ತಿಟ್ಟ ನಕಲುಗಳ, ತಪ್ಪಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಗುಮಾನಿ ಬೇಡ, ಅದರೊಳಗಿನ ಕ್ವೆರಿ ಕ್ಯಾಶನ್ನು (ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಯ ಉತ್ತರ ಎತ್ತಿಡುವ ಜಾಗ) 8.0 ಆವೃತ್ತಿಯಲ್ಲೇ ಕಿತ್ತುಹಾಕಿದ್ದಾರೆ. ಉಳಿಯುವುದು ನಿಮ್ಮದೇ ಕೋಡ್ ರೆಡಿಸ್, ಮೆಮ್‌ಕ್ಯಾಶ್‌ಡಿಯಂಥ ಮೆಮೊರಿ ಕ್ಯಾಶ್ ಸರ್ವರ್‌ನಲ್ಲಿ ಇಟ್ಟ ಕ್ವೆರಿ ಫಲಿತಾಂಶ.

ಒಂದೇ ಲೇಖನದ ಕ್ವೆರಿಯಾದರೆ ಸುಲಭ. ಕೀಯನ್ನು (ಕ್ಯಾಶ್‌ನಲ್ಲಿ ಫಲಿತಾಂಶದ ಹೆಸರು) ‘ಲೇಖನ:42’ ಎಂದು ಇಟ್ಟು, ಲೇಖನ ಬದಲಾದಾಗ ಅದನ್ನು ಅಳಿಸಿ. ಹೊಸ ಮೌಲ್ಯವನ್ನು ಅಲ್ಲೇ ಬರೆಯಲು ಹೋಗಬೇಡಿ. ಇಬ್ಬರು ಒಟ್ಟಿಗೆ ತಿದ್ದಿದರೆ ಹಿಂದಿನ ತಿದ್ದುಪಡಿಯೇ ಕ್ಯಾಶ್‌ನಲ್ಲಿ ಉಳಿದುಬಿಡಬಹುದು.

ಅಳಿಸುವುದು ಟ್ರಾನ್ಸಾಕ್ಷನ್ ಕಮಿಟ್ ಆದ, ಅಂದರೆ ಬದಲಾವಣೆ ಡೇಟಾಬೇಸ್‌ನಲ್ಲಿ ಖಾಯಂ ಆದ ಮೇಲೆಯೇ. ಮುಂಚೆ ಅಳಿಸಿದರೆ, ನಡುವೆ ಬಂದ ಇನ್ನೊಂದು ರಿಕ್ವೆಸ್ಟ್ ಹಳೆಯ ಸಾಲನ್ನು ಓದಿ ಮತ್ತೆ ಕ್ಯಾಶ್‌ಗೆ ತುಂಬುತ್ತದೆ. ಪೈಥಾನ್ ಫ್ರೇಮ್‌ವರ್ಕ್ ಜ್ಯಾಂಗೋದ ಆನ್‌_ಕಮಿಟ್ ಇರುವುದೇ ಇಂಥದ್ದಕ್ಕೆ. ರೆಪ್ಲಿಕಾದಿಂದ (ಮುಖ್ಯ ಡೇಟಾಬೇಸ್‌ನ ನಕಲು ಸರ್ವರ್) ಓದುವ ಸೈಟ್‌ಗೆ ಇಷ್ಟು ಸಾಲದು. ರೆಪ್ಲಿಕಾ ಎರಡು ಸೆಕೆಂಡ್ ಹಿಂದಿದ್ದರೂ ಅದೇ ಕಥೆ. ಕ್ಯಾಶ್ ತುಂಬುವ ಓದನ್ನು ಪ್ರೈಮರಿಗೆ (ಮುಖ್ಯ ಡೇಟಾಬೇಸ್‌ಗೆ) ಕಳಿಸಿ, ಇಲ್ಲವೇ ಕೆಲವು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಅಳಿಸಿ.

ನಿಜವಾದ ತಲೆನೋವು ಪಟ್ಟಿಗಳದ್ದು. ಒಂದು ಲೇಖನ ಸೇರಿದರೆ ಮುಖಪುಟ, ವರ್ಗ, ಟ್ಯಾಗ್ ಎಲ್ಲವೂ ಕದಲುತ್ತವೆ. ಎರಡನೇ ಪುಟದ ಮೊದಲ ಸಾಲೂ ಬೇರೆಯಾಗುತ್ತದೆ. ಒಂದೊಂದೇ ಕೀ ಹುಡುಕಿ ಅಳಿಸುವುದು ಆಗದ ಮಾತು. ಬದಲಿಗೆ ಪ್ರತಿ ವರ್ಗಕ್ಕೂ ಒಂದು ಆವೃತ್ತಿ ಗುರುತು ಇಟ್ಟು, ಅದನ್ನು ಪಟ್ಟಿಯ ಕೀಯೊಳಗೆ ಸೇರಿಸಿ: ‘ಪಟ್ಟಿ:ಕ್ರೀಡೆ:<ಗುರುತು>:ಪುಟ3’. ವರ್ಗದಲ್ಲಿ ಏನೇ ಬದಲಾದರೂ ಗುರುತು ಬದಲಿಸಿದರೆ ಸಾಕು, ಹಳೆಯ ಕೀಗಳನ್ನು ಯಾರೂ ಕೇಳುವುದಿಲ್ಲ. ವರ್ಡ್‌ಪ್ರೆಸ್‌ನ ಲಾಸ್ಟ್‌_ಚೇಂಜ್ಡ್ ಮಾಡುವುದೂ ಇದನ್ನೇ. ಗುರುತಾಗಿ 1, 2, 3 ಬೇಡ, ಮೈಕ್ರೊಸೆಕೆಂಡ್ ಸಮಯ ಬಳಸಿ: ಮೆಮೊರಿ ತುಂಬಿ ಎಣಿಕೆಯ ಕೀ ಹೊರಬಿದ್ದರೆ ಮತ್ತೆ 1ರಿಂದ ಶುರುವಾಗಿ ಹಳೆಯ ಪಟ್ಟಿಗಳು ಎದ್ದು ಬರುತ್ತವೆ. ಲೇಖನವನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಸರಿಸಿದಾಗ ಎರಡರ ಗುರುತೂ ಬದಲಾಗಬೇಕು. ಹಳೆಯ ವರ್ಗವನ್ನು ಮರೆಯುವವರೇ ಹೆಚ್ಚು.

ಎಲ್ಲ ಕೀಗಳಿಗೂ 300ರಿಂದ 600 ಸೆಕೆಂಡ್ ಟಿಟಿಎಲ್ (ತಾನಾಗಿ ಅಳಿಯುವ ಅವಧಿ) ಇರಲಿ, ಎಲ್ಲವೂ ಒಟ್ಟಿಗೆ ಮುಗಿಯದಂತೆ ಸ್ವಲ್ಪ ಹಿಂದುಮುಂದು ಮಾಡಿ. ಜನ ಮುಗಿಬೀಳುವ ಪುಟವಾದರೆ, ಕೀ ಅಳಿದ ಕ್ಷಣ ನೂರು ರಿಕ್ವೆಸ್ಟ್ ಒಂದೇ ಕ್ವೆರಿ ಓಡಿಸುತ್ತವೆ. ರೆಡಿಸ್‌ನ ಸೆಟ್ ಆಜ್ಞೆಗೆ ಎನ್‌ಎಕ್ಸ್, ಇಎಕ್ಸ್ 10 (ಕೀ ಇಲ್ಲದಿದ್ದರೆ ಮಾತ್ರ ಬರೆ, 10 ಸೆಕೆಂಡ್‌ಗೆ ಅಳಿಸು) ಸೇರಿಸಿ ಬೀಗ ಹಾಕಿ, ಒಂದಕ್ಕೆ ಮಾತ್ರ ಬಿಡಿ.

ಚಾಲ್ತಿ ಸರ್ವರ್‌ನಲ್ಲಿ ಎಲ್ಲ ಕೀಗಳನ್ನೂ ಹುಡುಕುವ ‘ಕೀಸ್’ ಆಜ್ಞೆ ಬೇಡ, ಅದು ಮುಗಿಯುವತನಕ ರೆಡಿಸ್ ಬೇರೆ ಕೆಲಸ ಮಾಡುವುದಿಲ್ಲ. ಬದಲಿಗೆ ಸ್ವಲ್ಪ ಸ್ವಲ್ಪವೇ ಹುಡುಕುವ ‘ಸ್ಕ್ಯಾನ್’ ಮತ್ತು ಹಿನ್ನೆಲೆಯಲ್ಲಿ ಅಳಿಸುವ ‘ಅನ್‌ಲಿಂಕ್’ ಇವೆ. ‘ಫ್ಲಶ್‌ಆಲ್’ (ಎಲ್ಲವನ್ನೂ ಅಳಿಸುವ ಆಜ್ಞೆ) ಒತ್ತಿದರಂತೂ ಅಲ್ಲೇ ಇಟ್ಟ ಸೆಷನ್‌ಗಳೂ ಹೋಗಿ ಎಲ್ಲರೂ ಲಾಗ್‌ಔಟ್.

ಇಷ್ಟಾದರೂ ಹಳೆಯದು ಉಳಿದರೆ, ಯಾರೋ ನೇರ ಎಸ್‌ಕ್ಯೂಎಲ್‌ನಲ್ಲೋ ಇಂಪೋರ್ಟ್ ಸ್ಕ್ರಿಪ್ಟ್‌ನಲ್ಲೋ ತಿದ್ದಿದ್ದಾರೆಯೇ ನೋಡಿ. ಆ ದಾರಿ ನಿಮ್ಮ ಅಳಿಸುವ ಕೋಡನ್ನು ಮುಟ್ಟುವುದೇ ಇಲ್ಲ. ಸ್ಕ್ರಿಪ್ಟ್‌ನ ಕೊನೆಯಲ್ಲಿ ಗುರುತು ಬದಲಿಸುವ ಸಾಲನ್ನೂ, ತಿದ್ದಿದ ಲೇಖನಗಳ ಕೀ ಅಳಿಸುವ ಸಾಲನ್ನೂ ಸೇರಿಸಿ.