ರೋಮಿನ ಕರಾರಿಗೆ ಪತ್ರಬರಹಗಾರರ ಕನ್ನಡ: ನನ್ನ ಅನುಭವ

ಹಳೇ ರೋಮಿನ ಹಾಸ್ಯನಾಟಕಕಾರ ಪ್ಲಾಟಸ್‌ನ ಕೋರ್ಟು ಜೋಕುಗಳು ಕನ್ನಡದಲ್ಲಿ ನಡೆಯಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ಹೋದ ತಿಂಗಳು ನಡೆದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾಚನಕ್ಕೆ ಅವನ ‘ಅಸಿನಾರಿಯಾ’ ನಾಟಕದ ಕರಾರು ದೃಶ್ಯ ಹಿಡಿದಿದ್ದೆ. ದಿಯಾಬೊಲಸ್ ಎಂಬ ಹುಡುಗ ಫಿಲೇನಿಯಂ ಎಂಬ ವೇಶ್ಯೆಯ ತಾಯಿಗೆ 20 ಮಿನಾ ಬೆಳ್ಳಿ ಹಣ ಕೊಟ್ಟು, ಮಗಳು ಒಂದು ವರ್ಷ ತನ್ನೊಬ್ಬನ ಜೊತೆಗೇ ಇರಬೇಕು ಅಂತ ಪತ್ರ ಮಾಡಿಸುತ್ತಾನೆ. ಅದನ್ನು ಓದುವವನು ಅವನ ಅನ್ನ ತಿನ್ನುವ ಬಾಲಬಡುಕ. ನಾನು ವಕೀಲರ ಕನ್ನಡ ತುರುಕಿದೆ: ಉಪಬಂಧ, ಪಕ್ಷಕಾರ, ತತ್ಸಂಬಂಧ. ಹಾಲ್ ಬಾಡಿಗೆ, ಕಾಫಿ, ಜೆರಾಕ್ಸ್ ಸೇರಿ ಆರು ಸಾವಿರದ ಹತ್ತಿರ ಹೋಯಿತು. ನಲವತ್ತು ಜನರಲ್ಲಿ ನಕ್ಕವರು ಮೂವರು. ಅದರಲ್ಲಿ ಇಬ್ಬರು ವಕೀಲರು.

ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂರುವ ಪತ್ರಬರಹಗಾರರೊಬ್ಬರಿಗೆ ಐನೂರು ಕೊಟ್ಟು ಹಳೇ ಕರಾರುಗಳನ್ನು ಓದಿಸಿಕೊಂಡೆ. “ಗ್ಲಾಕಸ್‌ರವರ ಮಗನಾದ ದಿಯಾಬೊಲಸ್ ಆದ ನಾನು ಸ್ವಸಂತೋಷದಿಂದ ಬರೆದುಕೊಟ್ಟ ಕರಾರು ಪತ್ರದ ಕ್ರಮವೇನೆಂದರೆ...” ಅಷ್ಟಕ್ಕೇ ಸಭೆ ಎದ್ದು ಕೂತಿತು. ಮುಂದಿನದನ್ನು ಪ್ಲಾಟಸ್ಸೇ ನೋಡಿಕೊಂಡ. ಫಿಲೇನಿಯಂ ದೇವರನ್ನು ಕರೆದರೆ ಹೆಣ್ಣುದೇವರನ್ನೇ ಕರೆಯಬೇಕು. ಕೆಮ್ಮುವಾಗ ನಾಲಿಗೆ ಚಾಚಬಾರದು. ದೀಪ ಆರಿದರೆ ಕತ್ತಲಲ್ಲಿ ಕೈಕಾಲು ಅಲ್ಲಾಡಿಸಬಾರದು. ಈ ಕೊನೆಯದನ್ನು ನಟನಿಂದ ಹೇಗೆ ಹೇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನೊಂದು ಪೆಟ್ಟು ಬಿದ್ದಿದ್ದು ಅವನದೇ ‘ಪರ್ಸಾ’ ನಾಟಕದಲ್ಲಿ. ರೋಮಿನಲ್ಲಿ ಎದುರಾಳಿಯನ್ನು ಕೋರ್ಟಿಗೆ ಎಳೆಯುವ ಮುಂಚೆ ಪಕ್ಕದವನ ಕಿವಿ ಮುಟ್ಟಿ ಸಾಕ್ಷಿ ಕರೆಯುತ್ತಿದ್ದರು. ತಲೆಹಿಡುಕ ದೋರ್ದಾಲಸ್ “ಸಾಕ್ಷಿ ಕರೆಯಲ್ವಾ?” ಅಂದರೆ, ಅವನನ್ನು ಕೋರ್ಟಿಗೆ ಎಳೆಯುತ್ತಿರುವ ಸಾತುರಿಯೋ “ನಿನ್ನಂಥವನಿಗೋಸ್ಕರ ಸ್ವತಂತ್ರ ಮನುಷ್ಯನ ಕಿವಿ ಉಜ್ಜಲಾ?” ಅನ್ನುತ್ತಾನೆ. ಅರ್ಥವಾಗಲಿ ಅಂತ ಒಬ್ಬನ ಕಿವಿ ಮುಟ್ಟಿ ತೋರಿಸಿದೆವು. ನಮ್ಮ ಜನಕ್ಕೆ ಮೇಷ್ಟ್ರು ಕಿವಿ ಹಿಂಡಿದ ಹಾಗೆ ಕಂಡಿತು! ಮೂರು ಪ್ರದರ್ಶನ ಹಾಳು. ಕೊನೆಗೆ, ಆ ದೃಶ್ಯಕ್ಕೂ ಮುಂಚೆಯೇ ಎರಡು ಸಲ, ಮಾತಿಲ್ಲದೆ, ಒಬ್ಬ ಇನ್ನೊಬ್ಬನ ಕಿವಿ ಮುಟ್ಟಿ ಮೂರನೆಯವನನ್ನು ಎಳೆದೊಯ್ಯುವಂತೆ ಮಾಡಿದೆವು. ಮಾತು ಬರುವ ಹೊತ್ತಿಗೆ ಸಭೆ ಕಾಯುತ್ತಿತ್ತು.

ರೋಮಿನ ಬಾಯಿಮಾತಿನ ಕರಾರು ಮಾತ್ರ ಪುಕ್ಕಟೆ ಸಿಕ್ಕಿತು. ಕೇಳಿದ ಕ್ರಿಯಾಪದದಲ್ಲೇ ಉತ್ತರ ಬರಬೇಕು: “ಸ್ಪೊಂದೆಸ್ನೆ?” “ಸ್ಪೊಂದೆಯೋ.” ಮೊದಲು ದಡ್ಡನ ಹಾಗೆ “ಹೂಂ” ಹಾಕಿದ್ದೆ. ಆಮೇಲೆ ಹೊಳೆಯಿತು: “ಮಾತು ಕೊಡ್ತೀಯಾ?” “ಕೊಡ್ತೀನಿ.” ನಾವು ದಿನಾ ಮಾತಾಡೋದೇ ಹೀಗಲ್ವಾ?

ನಡುವೆ ಸುಮ್ನೆ ರೋಮಿನ ಇನ್ನೊಬ್ಬ ನಾಟಕಕಾರ ಟೆರೆನ್ಸ್‌ನ ‘ಫೊರ್ಮಿಯೋ’ಗೂ ಕೈ ಹಾಕಿದೆ. ಅಲ್ಲಿರುವುದು ಅಥೆನ್ಸಿನ ಕಾನೂನು, ಅನಾಥ ಹುಡುಗಿಯನ್ನು ಹತ್ತಿರದ ನೆಂಟ ಮದುವೆಯಾಗಬೇಕು ಅನ್ನೋದು. ವಿವರಿಸುವಷ್ಟರಲ್ಲಿ ನಗು ಆರಿತು. ಬಿಟ್ಟೆ.

ಈಗ ಮತ್ತೆ ಪ್ಲಾಟಸ್, ಅವನ ‘ಸ್ಯೂಡೊಲಸ್’. 25 ತುಂಬದವರನ್ನು ಕಾಯುವ ಕಾನೂನಿನಿಂದ ತನಗೆ ಯಾರೂ ಸಾಲ ಕೊಡಲ್ಲ ಅಂತ ಹುಡುಗ ಗೋಳಾಡಿದರೆ, ತಲೆಹಿಡುಕ ಬಲ್ಲಿಯೋ “ನನಗೂ ಅದೇ ಕಾನೂನು, ನಂಬೋಕೆ ಭಯ” ಅನ್ನುತ್ತಾನೆ. ಲ್ಯಾಟಿನ್‌ನಲ್ಲಿ ನಂಬೋದಕ್ಕೂ ಸಾಲ ಕೊಡೋದಕ್ಕೂ ಒಂದೇ ಮಾತು. ಅದು ಇನ್ನೂ ಕೂತಿಲ್ಲ. ಪತ್ರಬರಹಗಾರರು ಈ ಸಲ ಸಾವಿರ ಕೇಳಿದ್ದಾರೆ.